ಯಲಹಂಕ, ಬಾಗಲಗುಂಟೆ: ಒಂದೇ ಪಾಲಿಕೆ, ಎರಡು ಬದುಕು

2007ರ ಜನವರಿಯಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಏಳು ನಗರಸಭೆಗಳು, ಒಂದು ಪುರಸಭೆ ಹಾಗೂ 110 ಹಳ್ಳಿಗಳು ನಗರದ ತೆಕ್ಕೆಗೆ ಬಂದವು. ಯಲಹಂಕ ಮತ್ತು ದಾಸರಹಳ್ಳಿ ನಗರಸಭೆಗಳು ಒಟ್ಟಿಗೇ ಪಾಲಿಕೆಯಲ್ಲಿ ಲೀನವಾದವು. ದಾಸರಹಳ್ಳಿಗೆ ಸೇರಿದ ಬಾಗಲಗುಂಟೆಗೂ ಯಲಹಂಕ ಉಪನಗರಕ್ಕೂ ಅಂದಿನಿಂದ ಕಾಯ್ದೆ ಒಂದೇ ಆಯಿತು, ಆಡಳಿತ ಒಂದೇ ಆಯಿತು. ಬದುಕು ಮಾತ್ರ ಒಂದೇ ಆಗಲಿಲ್ಲ.

ಈ ಅಂತರದ ಮೂಲ ಇರುವುದು ಬಡಾವಣೆಗಳು ಹುಟ್ಟಿದ ರೀತಿಯಲ್ಲಿ. ಉಪನಗರವನ್ನು ಕರ್ನಾಟಕ ಗೃಹ ಮಂಡಳಿ ನಕ್ಷೆ ಹಾಕಿ ಕಟ್ಟಿತು. ರಸ್ತೆ, ಚರಂಡಿ, ಉದ್ಯಾನಗಳಿಗೆ ಜಾಗ ಗೊತ್ತಾದ ನಂತರ ಮನೆಗಳೆದ್ದವು. ಬಾಗಲಗುಂಟೆಯಲ್ಲಿ ಕ್ರಮ ತಿರುವುಮುರುವಾಯಿತು. ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆದಂತೆ ಅಲ್ಲಿ ದುಡಿಯುವವರಿಗೆ ಸಮೀಪದಲ್ಲೇ ಸೂರು ಬೇಕಾಯಿತು. ಹೊಲಗಳು ರೆವಿನ್ಯೂ ನಿವೇಶನಗಳಾದವು. ಮನೆ ಮೊದಲು, ರಸ್ತೆ ನಂತರ, ಒಳಚರಂಡಿ ಕೊನೆಗೆ. ಭೂಪರಿವರ್ತನೆಯಾಗದ ನಿವೇಶನಗಳು ‘ಬಿ’ ವಹಿ ಸೇರಿದ್ದರಿಂದ, ತೆರಿಗೆ ಕಟ್ಟಿದ ಮಾಲೀಕರಿಗೂ ನಕ್ಷೆ ಮಂಜೂರಾತಿ, ಬ್ಯಾಂಕ್ ಸಾಲ ದುರ್ಲಭವಾದವು.

ನೀರಿನ ಕಥೆಯಲ್ಲಿ ವ್ಯಂಗ್ಯವೂ ಬೆರೆತಿದೆ. ಬಾಗಲಗುಂಟೆಯನ್ನು ಹಾದುಹೋಗುವ ಮುಖ್ಯರಸ್ತೆಗೆ ಹೆಸರು ಕೊಟ್ಟ ಹೆಸರಘಟ್ಟದ ಕೆರೆಯೇ 19ನೆಯ ಶತಮಾನದ ಕೊನೆಯ ದಶಕದಲ್ಲಿ ಬೆಂಗಳೂರಿಗೆ ಕೊಳವೆ ನೀರು ಕೊಟ್ಟಿತು. ಆದರೆ ಹಳೆಯ ನಗರಸಭೆಗಳ ಪ್ರದೇಶ ಬಹುಕಾಲ ಕೊಳವೆಬಾವಿಗಳನ್ನೇ ನೆಚ್ಚಿಕೊಂಡಿತ್ತು. 2024ರ ಬೇಸಿಗೆಯಲ್ಲಿ ಅವು ಬತ್ತಿದಾಗ ನಗರದ ಹೊರವಲಯ ಟ್ಯಾಂಕರ್‌ಗಳಿಗಾಗಿ ಕಾಯಬೇಕಾಯಿತು.

ಹಾಗೆಂದು ತಕ್ಕಡಿ ಒಂದೇ ಕಡೆ ವಾಲಿದೆ ಎನ್ನಲಾಗದು. 2015ರ ಮೇ ತಿಂಗಳಲ್ಲಿ ಮೆಟ್ರೊ ರೈಲು ನಾಗಸಂದ್ರ ತಲುಪಿದಾಗ ಬಾಗಲಗುಂಟೆಯವರಿಗೆ ದಾಸರಹಳ್ಳಿ ನಿಲ್ದಾಣ ಹತ್ತಿರವಾಯಿತು. ಯಲಹಂಕಕ್ಕೆ ಆಗ ಆ ಭಾಗ್ಯವಿರಲಿಲ್ಲ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಯಲಹಂಕದ ಸುತ್ತ ಭೂಮಿಯ ಬೆಲೆ ಏರಿತು. ಸಾಮಾನ್ಯ ಸಂಬಳದವರಿಗೆ ಅಲ್ಲಿ ಮನೆ ಮಾಡುವುದು ಕಷ್ಟವಾಯಿತು. ಉದ್ಯಾನದ ನೆರಳು ಜೀವನಮಟ್ಟದ ಅಳತೆಯಾದರೆ, ಕೆಲಸದ ಸ್ಥಳ ಹತ್ತಿರವಿರುವುದೂ ತೆರಬಲ್ಲ ಬಾಡಿಗೆಯೂ ಅಷ್ಟೇ ಮುಖ್ಯ ಅಳತೆಗಳು.

2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಬಳಿಕ ವರ್ಷಗಟ್ಟಲೆ ವಾರ್ಡುಗಳಿಗೆ ಚುನಾಯಿತ ದನಿಯೇ ಇರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯನ್ನು ಐದಾಗಿ ವಿಂಗಡಿಸಲಾಯಿತು. 2007ರಲ್ಲಿ ಕೂಡಿಸಿದ್ದರಿಂದ ಸಮಾನತೆ ಬರಲಿಲ್ಲ. ಕಳೆದ ಮಾತ್ರಕ್ಕೂ ಅದು ಬಾರದು. ಜನಸಂಖ್ಯೆ, ತೆರಿಗೆ ವಸೂಲಿಗಳ ಜೊತೆಗೆ ಕೊರತೆಯನ್ನೂ ಅಳೆದು ಹಣ ಹಂಚಿದರೆ ಮಾತ್ರ ಬಾಗಲಗುಂಟೆಯಂಥ ಬಡಾವಣೆಗಳ ಹಳೆಯ ಬಾಕಿ ತೀರೀತು.