ಎರಡನೇ ರಿಪೋರ್ಟ್ ಬರುವ ತನಕ ಎದ್ದು ಬರಬೇಡಿ

2025ರ ಮೇ-ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯಲ್ಲಿ ಸುಮಾರು 40 ದಿನದೊಳಗೆ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರೆಂಬ ಸುದ್ದಿ ನಮ್ಮೆಲ್ಲರನ್ನೂ ನಡುಗಿಸಿತ್ತು. ಅವರಲ್ಲಿ ಚಿಕ್ಕ ಪ್ರಾಯದವರೂ ಇದ್ದರು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿ ಜನ ನಿಂತರು. ಅಳ್ನಾವರದಲ್ಲೂ ಎಲ್ಲರ ಬಾಯಲ್ಲಿ ಹಾರ್ಟ್ ಚೆಕ್‌ಅಪ್ ಮಾತೇ. ಸುದ್ದಿ ತಣ್ಣಗಾದ ಮೇಲೆ ಮತ್ತೆ ಹಳೇ ಚಾಳಿ. ಎದೆ ಹಿಡಿದುಕೊಂಡರೆ ‘ಗ್ಯಾಸ್ ಇರಬೇಕು ಬಿಡ್ರಿ’ ಅಂತ ಸೋಡಾ ಕುಡಿದು ಮಲಗುತ್ತೇವೆ.

ಇನ್ನೊಂದು ತಪ್ಪು ಆಸ್ಪತ್ರೆಗೆ ಹೋದ ಮೇಲೆ ಆಗುತ್ತದೆ. ಇಸಿಜಿ ನಾರ್ಮಲ್, ರಕ್ತದ ರಿಪೋರ್ಟೂ ನಾರ್ಮಲ್ ಅಂದ ಕೂಡಲೇ ‘ಅಂಗಡಿ ತೆರೀಬೇಕು’ ಎಂದು ಎದ್ದು ಬರುತ್ತೇವೆ. ಆ ರಕ್ತ ಪರೀಕ್ಷೆಯ ಹೆಸರು ಟ್ರೋಪೊನಿನ್. ಅದು ಹೃದಯದ ಸ್ನಾಯುವಿನಲ್ಲಿರುವ ಪ್ರೋಟೀನು. ಸ್ನಾಯುವಿಗೆ ಪೆಟ್ಟಾದರೆ ರಕ್ತಕ್ಕೆ ಸೋರುತ್ತದೆ, ಆದರೆ ಅದಕ್ಕೆ ಸಮಯ ಬೇಕು. ನೋವು ಶುರುವಾದ ಅರ್ಧ ಗಂಟೆಯಲ್ಲೇ ರಕ್ತ ಕೊಟ್ಟರೆ ಏನೂ ಕಾಣದೆ ಇರಬಹುದು. ಅದಕ್ಕೇ ವೈದ್ಯರು ಕೆಲವು ಗಂಟೆ ಬಿಟ್ಟು ಇನ್ನೊಮ್ಮೆ ಪರೀಕ್ಷೆ ಮಾಡಿಸುತ್ತಾರೆ. ಅದು ಬಿಲ್ ಏರಿಸುವ ಉಪಾಯ ಅಂದುಕೊಳ್ಳಬೇಡಿ. ಮೊದಲನೆಯದಕ್ಕೂ ಎರಡನೆಯದಕ್ಕೂ ಎಷ್ಟು ಏರಿದೆ ಎಂಬುದರಲ್ಲೇ ರೋಗದ ಗುಟ್ಟಿದೆ. ಕಿಡ್ನಿ ತೊಂದರೆ ಇದ್ದವರಲ್ಲೂ ಇದು ಹೆಚ್ಚಿರಬಹುದು, ಹಾಗಾಗಿ ರಿಪೋರ್ಟ್ ಓದುವುದು ವೈದ್ಯರ ಕೆಲಸ, ನಮ್ಮದಲ್ಲ.

ಇಸಿಜಿಯಲ್ಲೇ ದೊಡ್ಡ ಹೃದಯಾಘಾತ ಕಂಡರೆ ರಕ್ತದ ರಿಪೋರ್ಟಿಗೆ ಕಾಯುವ ಹಾಗೇ ಇಲ್ಲ. ತಾಲ್ಲೂಕು ಮಟ್ಟದಲ್ಲೇ ಇಸಿಜಿ ಮಾಡಿ, ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವುದಕ್ಕೆಂದೇ ಸರ್ಕಾರ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ತಂದಿದೆ. 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿನಲ್ಲಿ ನಾವು ಕಳೆದುಕೊಂಡ ಅಪ್ಪು ಅವರ ಹೆಸರು ಅದಕ್ಕಿದೆ.

ಟ್ರೋಪೊನಿನ್ ನಾರ್ಮಲ್ ಅಂದರೆ ರಕ್ತನಾಳ ಸ್ವಚ್ಛ ಇದೆ ಎಂದು ಅರ್ಥವಲ್ಲ. ಮುಂದಿನ ಅಪಾಯ ತಿಳಿಯಲು ಎಲ್‌ಡಿಎಲ್ ಕೊಲೆಸ್ಟ್ರಾಲ್, ಮೂರು ತಿಂಗಳ ಸಕ್ಕರೆ ಮಟ್ಟ ತೋರಿಸುವ ಎಚ್‌ಬಿಎ1ಸಿ, ಜೊತೆಗೆ ಬಿಪಿ ನೋಡಿಸಬೇಕು. ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ ಆದವರಿದ್ದರೆ ಲಿಪೊಪ್ರೋಟೀನ್-ಎ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಅದು ಹುಟ್ಟಿನಿಂದ ಬರುವಂಥದ್ದು, ಸಾಮಾನ್ಯವಾಗಿ ಜೀವನದಲ್ಲಿ ಒಮ್ಮೆ ನೋಡಿಸಿದರೆ ಸಾಕು. ಬೀಡಿ-ಸಿಗರೇಟಿನ ಅಪಾಯ ತಿಳಿಯೋದಕ್ಕಂತೂ ಯಾವ ಪರೀಕ್ಷೆಯೂ ಬೇಡ.

ಅಳ್ನಾವರದಿಂದ ಧಾರವಾಡಕ್ಕೆ ಸುಮಾರು 35 ಕಿಲೋಮೀಟರು. ನಡುರಾತ್ರಿ ಎದೆ ಹಿಡಿದಾಗ ‘ಎಲ್ಲಿಗೆ ಹೋಗೋದು’ ಅಂತ ಯೋಚಿಸುತ್ತ ಕೂರಬಾರದು. ಇಸಿಜಿ, ಟ್ರೋಪೊನಿನ್, ಇಂಜೆಕ್ಷನ್ ಹತ್ತಿರದಲ್ಲಿ ಎಲ್ಲೆಲ್ಲಿ ಸಿಗುತ್ತದೆ ಎಂದು ನಮ್ಮ ಜಮಾಅತ್ ಕಮಿಟಿಯವರು ಈ ವಾರವೇ ವಿಚಾರಿಸಿ, ಬೋರ್ಡಿನ ಮೇಲೆ ಬರೆದು ಹಾಕಲಿ. ರಾತ್ರಿ ಗಾಡಿ ಕೊಡಬಲ್ಲವರ ನಂಬರೂ ಅದರಲ್ಲಿರಲಿ. ಎದೆ ಭಾರ, ತಣ್ಣನೆ ಬೆವರು, ಎಡಗೈ ಅಥವಾ ದವಡೆ ನೋವು, ಉಬ್ಬಸ ಕಂಡರೆ ಬೈಕ್ ಹತ್ತಬೇಡಿ, 108ಕ್ಕೆ ಫೋನ್ ಮಾಡಿ. ಹೆಂಗಸರಿಗೂ ಸಕ್ಕರೆ ಕಾಯಿಲೆಯವರಿಗೂ ಎದೆನೋವೇ ಇಲ್ಲದೆ ಹೃದಯಾಘಾತ ಆಗಬಹುದು. ‘ಉಮ್ಮಾಗೆ ಬರೀ ಸುಸ್ತು’ ಎಂದು ಸುಮ್ಮನಿರಬೇಡಿ.

ಒಂದು ದಿನ ಅಂಗಡಿ ಮುಚ್ಚಿದರೆ ಆಗುವ ನಷ್ಟ ಮುಂದಿನ ವಾರ ತುಂಬಿಕೊಳ್ಳಬಹುದು. ಮನೆಯ ಯಜಮಾನ ಹೋದರೆ ಆ ಜಾಗ ತುಂಬುವವರು ಯಾರು?