ಗುರಾಣಿಗೆ ಹೆಸರುಂಟು, ನೇಗಿಲಿಗಿಲ್ಲ

ಚಿನ್ನ ಬಳಿದ ಹಾಳೆ ಕಂಡರೆ ಸಾಕು, ಕಲಾಪಂಡಿತರು ಕೈಮುಗಿದು ನಿಲ್ಲುತ್ತಾರೆ. ನನ್ನಿಂದಾಗದು. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಲಟ್ರೆಲ್ ಸಾಲ್ಟರ್ ಎಂಬ ಪ್ರಾರ್ಥನಾ ಹಸ್ತಪ್ರತಿಯನ್ನೇ ನೋಡಿ. ಲಿಂಕನ್‌ಷೈರಿನ ಜಮೀನ್ದಾರ ಜೆಫ್ರಿ ಲಟ್ರೆಲ್ 14ನೇ ಶತಮಾನದ ಮೊದಲರ್ಧದಲ್ಲಿ ಬರೆಸಿದ್ದು. ಒಂದು ಪುಟದಲ್ಲಿ ಅವನೇ ಕುದುರೆ ಏರಿ ಕೂತಿದ್ದಾನೆ. ನೀಲಿ ನೆಲದಲ್ಲಿ ಬೆಳ್ಳಿ ಹಕ್ಕಿಗಳಿರುವ ಅವನ ಲಾಂಛನ ಅಂಗಿಯ ಮೇಲೆ, ಬಾವುಟದ ಮೇಲೆ, ಜೀನಿನ ಮೇಲೆ, ಕುದುರೆಯ ಮೈಹೊದಿಕೆಯ ಮೇಲೆ. ಶಿರಸ್ತ್ರಾಣ ನೀಡುವ ಹೆಂಡತಿ, ಗುರಾಣಿ ಹಿಡಿದ ಸೊಸೆ, ಇಬ್ಬರ ನಿಲುವಂಗಿಯಲ್ಲೂ ಅದೇ ಹಕ್ಕಿಗಳು, ಜೊತೆಗೆ ತವರಿನ ಲಾಂಛನ. ಹೆಣ್ಣಿನ ಮೈಮೇಲೆ ಎರಡು ಮೊಹರು: ಅಪ್ಪನದೊಂದು, ಗಂಡನ ಮನೆಯದೊಂದು.

ಅದೇ ಪುಸ್ತಕದ ಬೇರೆ ಹಾಳೆಗಳ ಕೆಳ ಅಂಚಿನಲ್ಲಿ ಒಕ್ಕಲುಮಕ್ಕಳಿದ್ದಾರೆ. ನಾಲ್ಕು ಎತ್ತು ಕಟ್ಟಿ ಒಬ್ಬ ನೇಗಿಲು ಒತ್ತುತ್ತಾನೆ, ಇನ್ನೊಬ್ಬ ಚಾಟಿ ಬೀಸುತ್ತಾನೆ. ಹೆಂಗಸರು ಬಗ್ಗಿ ಪೈರು ಕೊಯ್ಯುತ್ತಿದ್ದಾರೆ. ಒಬ್ಬಳು ನಡುನೋವು ತಾಳದೆ ಎದ್ದು ನಿಂತಿದ್ದಾಳೆ. ಯಾರವಳು? ಯಾರ ಮಗಳು? ಎಲ್ಲೂ ಬರೆದಿಲ್ಲ. 1315ರಿಂದ 1317ರವರೆಗೆ ಮಳೆಗೆ ಬೆಳೆ ಕೊಳೆತು ಇಂಗ್ಲೆಂಡಿನ ಊರೂರುಗಳಲ್ಲಿ ಜನ ಹಸಿವಿನಿಂದ ಸತ್ತಿದ್ದರು. ಬದುಕಿ ಉಳಿದವರ ಬೆವರಿನಿಂದಲೇ ದಣಿಯ ಪುಸ್ತಕಕ್ಕೆ ಚಿನ್ನ ಬಂತು.

ಇವರ ಹೆಸರು ಬರೆದಿಟ್ಟದ್ದು ಬೇರೆ ಕಡೆ, ಜಮೀನ್ದಾರರ ಕಚೇರಿಯ ಸುರುಳಿಗಳಲ್ಲಿ. ಜೀತದ ಒಕ್ಕಲಿನ ಮಗಳ ಮದುವೆಯೆಂದರೆ ದಣಿಗೆ ಕಾಣಿಕೆ. ಮನೆಯ ಯಜಮಾನ ಸತ್ತರೆ ಕೊಟ್ಟಿಗೆಯ ಒಳ್ಳೆಯ ದನ ದಣಿಯ ಪಾಲು. ಕಸಿಯುವಾಗ ಮಾತ್ರ ಹೆಸರು ಬೇಕಾಗುತ್ತಿತ್ತು! 1381ರಲ್ಲಿ ದಂಗೆಯೆದ್ದ ರೈತರು ಆ ಸುರುಳಿಗಳನ್ನು ಹುಡುಕಿ ಹುಡುಕಿ ಸುಟ್ಟರು. ಅದನ್ನು ಪುಂಡಾಟ ಎನ್ನುವವರು ಎನ್ನಲಿ. ಯಾವುದನ್ನು ಸುಡಬೇಕೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಇನ್ನು ದೊರೆಗಳು. ಫ್ರಾನ್ಸಿನ ಸಿಂಹಾಸನವೂ ತನ್ನದೆಂದು ಇಂಗ್ಲೆಂಡಿನ ಮೂರನೇ ಎಡ್ವರ್ಡ್ 1340ರಲ್ಲಿ ತನ್ನ ಲಾಂಛನದ ಸಿಂಹಗಳ ಪಕ್ಕ ಫ್ರಾನ್ಸಿನ ಲಿಲ್ಲಿ ಹೂಗಳನ್ನು ಸೇರಿಸಿಕೊಂಡ. 1445ರ ಸುಮಾರಿಗೆ ಸೇನಾಪತಿ ಜಾನ್ ಟಾಲ್ಬಟ್, ಆರನೇ ಹೆನ್ರಿಯ ಹದಿಹರೆಯದ ವಧು ಮಾರ್ಗರೆಟ್‌ಗೆ ಒಂದು ಹಸ್ತಪ್ರತಿ ಉಡುಗೊರೆ ಕೊಟ್ಟ. ಇಂಗ್ಲಿಷರು ಆಕ್ರಮಿಸಿಕೊಂಡಿದ್ದ ರೂಆನ್ ನಗರದಲ್ಲಿ ಬರೆಸಿದ್ದು. ಅದರ ವಂಶಾವಳಿಯ ಪುಟ ಲಿಲ್ಲಿ ಹೂವಿನ ಆಕಾರದಲ್ಲೇ ಇದೆ. ಎರಡು ರಾಜವಂಶಗಳು ಮೇಲಿನಿಂದ ಇಳಿದು ಹೆನ್ರಿಯಲ್ಲಿ ಒಂದಾಗುತ್ತವೆ. ಇಡೀ ದೇಶದ ಮೇಲಿನ ಹಕ್ಕುಪತ್ರವನ್ನು ಬಣ್ಣದಲ್ಲಿ ಬರೆದುಕೊಂಡ ಹಾಗೆ. 1453ರಲ್ಲಿ ಕಾಸ್ಟಿಯೋನ್ ಕಾಳಗದಲ್ಲಿ ಟಾಲ್ಬಟ್ ಸತ್ತ, ಕ್ಯಾಲೆ ಒಂದನ್ನು ಬಿಟ್ಟು ಫ್ರಾನ್ಸಿನ ನೆಲವೆಲ್ಲ ಕೈತಪ್ಪಿತು. ಲಿಲ್ಲಿ ಹೂ ಮಾತ್ರ 1801ರವರೆಗೂ ಇಂಗ್ಲೆಂಡಿನ ರಾಜಲಾಂಛನ ಬಿಟ್ಟು ಕದಲಲಿಲ್ಲ. ಉಳುವವನು ಗೇಣಿ ತಪ್ಪಿಸಿದರೆ ನೆಲ ಬಿಡಬೇಕು; ದೊರೆ ಸೋತು ಮುನ್ನೂರು ವರ್ಷ ಕಳೆದರೂ ಹಕ್ಕು ಬಿಡಬೇಕಿಲ್ಲ!

ಲಾಂಛನದ ಈ ಪಿಡುಗು ನಮ್ಮ ನೆಲಕ್ಕೂ ಬಂತು. 1877ರ ಜನವರಿ 1ರಂದು ದೆಹಲಿಯಲ್ಲಿ ವಿಕ್ಟೋರಿಯಾಳನ್ನು ಚಕ್ರವರ್ತಿನಿ ಎಂದು ಸಾರಿದಾಗ ವೈಸ್‌ರಾಯ್ ಲಿಟ್ಟನ್, ಯುರೋಪಿನ ಮಾದರಿಯ ಲಾಂಛನ ಕಸೂತಿ ಮಾಡಿದ ಬಾವುಟಗಳನ್ನು ದೇಶೀ ಅರಸರಿಗೆ ಹಂಚಿದ. ಆಗ ಮೈಸೂರು ಸೀಮೆಯಲ್ಲಿ ಧಾತು-ಈಶ್ವರ ಬರ. ಹತ್ತು ಲಕ್ಷದಷ್ಟು ಜನ ಸತ್ತರು. ಅವರ ಹೆಸರನ್ನು ಯಾವ ರೇಷ್ಮೆಯ ಮೇಲೂ ಯಾರೂ ಹೆಣೆಯಲಿಲ್ಲ.

ಹಸ್ತಪ್ರತಿಗಳ ಪಟ್ಟಿ ಬರೆಯುವ ವಿದ್ವಾಂಸರೇ, ಅಂಗುಲದಷ್ಟು ಗುರಾಣಿಗೂ ಮನೆತನ ಹುಡುಕಿ ಬರೆಯುತ್ತೀರಿ. ಅದರ ಪಕ್ಕದಲ್ಲೇ ಆ ಮನೆತನದ ಹಿಡಿತದಲ್ಲಿ ಎಷ್ಟು ನೆಲವಿತ್ತು, ಎಷ್ಟು ಜೀತದಾಳುಗಳಿದ್ದರು ಎಂಬುದನ್ನೂ ಬರೆಯಿರಿ. ಸುಡದೆ ಉಳಿದ ಸುರುಳಿಗಳಲ್ಲಿ ದುಡಿದವರ ಹೆಸರುಗಳಿವೆ. ತೆಗೆದು ಬರೆಯಿರಿ.