ಸಂಚಾಲಕ ಬೇಕು, ಧಣಿ ಬೇಡ

ಹಾಸ್ಟೆಲಿನ ಗೆಳೆಯರೇ,

ಏಪ್ರಿಲ್ 14 ಬಂತೆಂದರೆ, ಡಿಸೆಂಬರ್ 6 ಬಂತೆಂದರೆ ನಮ್ಮ ಹಾಸ್ಟೆಲುಗಳ ಗೇಟಿಗೆ ನಾಯಕರ ಸವಾರಿ ಬರುತ್ತದೆ. "ಐವತ್ತು ಹುಡುಗರು ಬೇಕು, ಬಸ್ಸು ಉಂಟು, ಊಟ ಉಂಟು" ಎನ್ನುತ್ತಾರೆ. ನೀವು ಹೋಗುತ್ತೀರಿ, ಗಂಟಲು ಹರಿಯುವಷ್ಟು ಜೈಕಾರ ಕೂಗುತ್ತೀರಿ. ಉಳಿದ 363 ದಿನ ನಿಮ್ಮ ಸಾರಿನಲ್ಲಿ ಬೇಳೆ ಉಂಟಾ ಇಲ್ಲವಾ ಎಂದು ಕೇಳಲಿಕ್ಕೆ ಆ ಪುಣ್ಯಾತ್ಮ ಬರುವುದಿಲ್ಲ. ಇಂಥವರನ್ನು ನಾಯಕ ಎಂದು ಯಾಕೆ ಕರೆಯಬೇಕು?

ಈ ಪ್ರಶ್ನೆ ಕೇಳುವ ಹಕ್ಕು ನಿಮಗುಂಟು. ಈ ಚಳುವಳಿ ಹುಟ್ಟಿದ್ದೇ ನಿಮ್ಮಂಥ ಹುಡುಗರು ತಿಂದ ಪೆಟ್ಟಿನಿಂದ. 1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪ ಮೈಸೂರಿನಲ್ಲಿ ಕನ್ನಡ ಸಾಹಿತ್ಯವನ್ನು ಬೂಸಾ ಎಂದರು. ರಾಜ್ಯವೆಲ್ಲ ಗಲಾಟೆಯಾಯಿತು. ಮಂತ್ರಿಯ ಖುರ್ಚಿ ಹೋಯಿತು, ದಲಿತ ವಿದ್ಯಾರ್ಥಿಗಳ ಮೈಮೇಲೆ ಏಟು ಬಿತ್ತು. ಅದರ ಬೆನ್ನಿಗೇ ದಲಿತ ಸಂಘರ್ಷ ಸಮಿತಿ ಎದ್ದು ನಿಂತಿತು. ಭದ್ರಾವತಿಯ ಕಾಲೇಜು ಮೇಷ್ಟ್ರು ಪ್ರೊ. ಬಿ. ಕೃಷ್ಣಪ್ಪ ಅದರ ಸ್ಥಾಪಕ ಸಂಚಾಲಕರಾದರು. ಗಮನಿಸಿ: ಅಧ್ಯಕ್ಷ ಅಲ್ಲ, ಸಂಚಾಲಕ. ಅಂದರೆ ಎಲ್ಲರನ್ನೂ ಕೂಡಿಸಿಕೊಂಡು ನಡೆಯುವವನು. 1986ರಲ್ಲಿ ಚಂದ್ರಗುತ್ತಿಯ ಬೆತ್ತಲೆ ಸೇವೆಯನ್ನು ತಡೆಯಲು ಹೊರಟಾಗ ಕೃಷ್ಣಪ್ಪನವರು ಹುಡುಗರನ್ನು ಕಳಿಸಿ ಮನೆಯಲ್ಲಿ ಕೂರಲಿಲ್ಲ, ತಾವೇ ಹೋಗಿ ನಿಂತರು.

ಇಂದು ಆ ಸಂಚಾಲಕನ ಹೆಸರು ಇಟ್ಟುಕೊಂಡೇ ಎಷ್ಟೋ ಮಂದಿ ಧಣಿಗಳಾಗಿದ್ದಾರೆ. ಅವರ ತಪ್ಪುಗಳನ್ನು ಒಂದೊಂದಾಗಿ ಹೇಳುತ್ತೇವೆ.

ಮೊದಲನೆಯದು ರಾಜಿ. ಕಾಲೊನಿಯ ಒಬ್ಬನ ಮೇಲೆ ಹಲ್ಲೆಯಾಗುತ್ತದೆ. 1989ರ ದೌರ್ಜನ್ಯ ತಡೆ ಕಾಯಿದೆಯ ಪ್ರಕಾರ ಡಿವೈಎಸ್ಪಿ ದರ್ಜೆಯ ಅಧಿಕಾರಿ ತನಿಖೆ ಮಾಡಬೇಕು. ದೂರು ಕೊಟ್ಟವನಿಗೆ ಎಫ್‌ಐಆರ್ ಪ್ರತಿ ಪುಕ್ಕಟೆ ಸಿಗಬೇಕು. ಹಂತ ಹಂತವಾಗಿ ಪರಿಹಾರ ಬರಬೇಕು. ಠಾಣೆಯ ಬೆಂಚಿನ ಮೇಲೆ ಚಾ ಕುಡಿದು ಮುಗಿಸುವ ಕೇಸು ಅಲ್ಲ ಅದು. ಆದರೆ ನಮ್ಮ ನಾಯಕ ಬೆಳಿಗ್ಗೆ ಪೆಟ್ಟು ತಿಂದವನ ಮನೆಯಲ್ಲಿ ಕಣ್ಣೊರೆಸುತ್ತಾನೆ, ಸಂಜೆ ಹೊಡೆದವನ ಮನೆಯಲ್ಲಿ ಲೆಕ್ಕ ಮಾತಾಡುತ್ತಾನೆ. "ನಾಳೆ ಅದೇ ಊರಲ್ಲಿ ಬದುಕ್ಲಿಕ್ಕಿಲ್ವಾ ಮಾರಾಯ" ಎಂದು ಬುದ್ಧಿ ಬೇರೆ ಹೇಳುತ್ತಾನೆ.

ಎರಡನೆಯದು, ಮೆರವಣಿಗೆಯೇ ಹೋರಾಟ ಎಂದು ತಿಳಿಯುವುದು. 2016ರ ಅಕ್ಟೋಬರ್ 4ರಂದು ಬೆಂಗಳೂರಿನಿಂದ ಹೊರಟ 'ಚಲೋ ಉಡುಪಿ' ಜಾಥಾ 9ರಂದು ಉಡುಪಿಗೆ ಬಂತು. ಆಹಾರ ನಮ್ಮ ಆಯ್ಕೆ, ಭೂಮಿ ನಮ್ಮ ಹಕ್ಕು ಎಂದು ಊರೇ ಕೇಳುವ ಹಾಗೆ ಕೂಗಿತು. ಅದು ಬೇಕಿತ್ತು. ಆದರೆ ಮರುದಿನ ಏನು? ನಮ್ಮ ಜಿಲ್ಲೆಯಲ್ಲಿ ಡಿ.ಸಿ. ಮನ್ನಾ ಭೂಮಿ ಉಂಟು, ಬ್ರಿಟಿಷರ ಕಾಲದಲ್ಲಿ ನಮ್ಮವರಿಗೆಂದೇ ಕಾದಿರಿಸಿದ್ದು. ಅದನ್ನು ಬಿಡಿಸಿಕೊಳ್ಳಬೇಕಾದರೆ ಸರ್ವೆ ನಂಬ್ರ ಹಿಡಿದು ಕಾಪು, ಕಾರ್ಕಳದ ತಾಲೂಕು ಕಚೇರಿಗೆ ಹತ್ತು ಸಲ ಅಲೆಯಬೇಕು, ಅಳತೆಯ ದಿನ ಬಿಸಿಲಲ್ಲಿ ನಿಲ್ಲಬೇಕು. ಅಲ್ಲಿ ಹಾರ ಇಲ್ಲ, ಫೋಟೊ ಇಲ್ಲ. ಹಾಗಾಗಿ ನಾಯಕನೂ ಇಲ್ಲ! ಮಣಿಪಾಲದ ರಜತಾದ್ರಿಯ ಮುಂದೆ ಒಂದು ಗಂಟೆ ಧರಣಿ ಕೂತು, ಜಿಲ್ಲಾಧಿಕಾರಿಗೆ ಮನವಿ ಕೊಟ್ಟು, ಪೇಪರಿನಲ್ಲಿ ಹೆಸರು ಬಂತಾ ಎಂದು ನೋಡಿದರೆ ಅವನ ಕೆಲಸ ಮುಗಿಯಿತು.

ಮೂರನೆಯದು, ನಮ್ಮೊಳಗಿನ ಮೇಲು ಕೀಳು. ಮಠದ ಪಂಕ್ತಿಭೇದದ ವಿರುದ್ಧ ಮೈಕಿನಲ್ಲಿ ಗುಡುಗುವವನು ಕೊರಗರ ಮನೆಯಲ್ಲಿ ಒಂದು ಲೋಟ ನೀರು ಕುಡಿದಿದ್ದಾನಾ? ಅಜಲು ಪದ್ಧತಿಯನ್ನು ನಿಷೇಧಿಸಲು ಸರಕಾರ 2000ದಲ್ಲಿ ಕಾಯಿದೆಯನ್ನೇ ತರಬೇಕಾಯಿತು. ಪ್ರತಿ ಕೊರಗ ಕುಟುಂಬಕ್ಕೆ ಎರಡೂವರೆ ಎಕರೆ ಭೂಮಿ ಕೊಡಿ ಎಂದು ಡಾ. ಮಹಮ್ಮದ್ ಪೀರ್ ವರದಿ ಹೇಳಿತು. ಆ ಭೂಮಿಯ ಮಾತು ಬಂದಾಗ ನಮ್ಮ ಎಷ್ಟು ನಾಯಕರು ಜೊತೆಗೆ ನಿಂತರು? ಕೆಳಗಿನವನನ್ನು ತುಳಿಯುತ್ತಾ ಮೇಲಿನವನ ಹತ್ತಿರ ಸಮಾನತೆ ಕೇಳುವುದು ಬೇಡುವ ಕೆಲಸ, ಹೋರಾಟ ಅಲ್ಲ.

ನಾಲ್ಕನೆಯದು, ಹೆಣ್ಣುಮಕ್ಕಳು. ಧರಣಿಯಲ್ಲಿ ಮುಂದಿನ ಸಾಲಿಗೆ ಅವರು ಬೇಕು. ಪೊಲೀಸರ ಲಾಠಿಗೆ ಅಡ್ಡ ನಿಲ್ಲಲು ಬೇಕು. ವೇದಿಕೆಯ ಕುರ್ಚಿ ಹಾಕುವಾಗ ಮಾತ್ರ ಅವರ ನೆನಪಾಗುವುದಿಲ್ಲ. ಮನೆಯಲ್ಲಿ ಹೆಂಡತಿಗೆ ಕೈ ಎತ್ತುವವನು ಹೊರಗೆ ಬಂದು ವಿಮೋಚನೆ ಎನ್ನುತ್ತಾನೆ.

ಇಷ್ಟು ಹೇಳಿದರೆ ಕೆಲವರು ಕೇಳುತ್ತಾರೆ: "ಅವನ ನಡತೆ ಕಟ್ಟಿಕೊಂಡು ನಿಮಗೆಂತ? ಕೆಲಸ ಮಾಡಿಕೊಡ್ತಾನಲ್ಲ?" ಇಲ್ಲೇ ಮೋಸ ಇರುವುದು. ಹಣವಂತರ ನಾಯಕ ಕೆಟ್ಟರೆ ಅವರ ತೋಟ ಉಳಿಯುತ್ತದೆ, ಬ್ಯಾಂಕು ಉಳಿಯುತ್ತದೆ. ನಮ್ಮಲ್ಲಿ ಇರುವ ಬಂಡವಾಳ ಒಂದೇ, ನಂಬಿಕೆ. ಯಾರ ತೋಟದಲ್ಲಿ ದಿನಗೂಲಿಯೋ ಅವರ ವಿರುದ್ಧವೇ ಸಾಕ್ಷಿ ಹೇಳಲು ಒಬ್ಬ ಹೆಂಗಸು ಕೋರ್ಟಿನ ಮೆಟ್ಟಿಲು ಹತ್ತುವುದು, ನಮ್ಮವರು ತನ್ನನ್ನು ಮಾರುವುದಿಲ್ಲ ಎಂಬ ಧೈರ್ಯದಿಂದ. ಒಂದು ಕೇಸು ಮಾರಿದರೆ ಮುಂದೆ ಹತ್ತು ಮಂದಿ ದೂರು ಕೊಡುವುದಿಲ್ಲ. ಹೊಡೆಯುವವನಿಗೆ ಅದೇ ಬೇಕಾದದ್ದು.

ಇನ್ನು ಕೆಲವರು "ನಮ್ಮ ಮಾನ ಬೀದಿಗೆ ಹಾಕಬೇಡಿ" ಎನ್ನುತ್ತಾರೆ. ಮಾನ ಬೀದಿಗೆ ಬಂದದ್ದು ಕೇಸು ಮಾರಿದ ದಿನ, ನಾವು ಬರೆದ ದಿನ ಅಲ್ಲ.

ಬಾಬಾಸಾಹೇಬರನ್ನು ನೋಡಿ. ಹಿಂದೂ ಕೋಡ್ ಬಿಲ್ ನಿಂತುಹೋದಾಗ 1951ರ ಸೆಪ್ಟೆಂಬರಿನಲ್ಲಿ ದೇಶದ ಕಾನೂನು ಮಂತ್ರಿಯ ಪದವಿಯನ್ನೇ ಬಿಟ್ಟು ಹೊರಟರು. ಇಲ್ಲಿ ಒಂದು ನಿಗಮದ ಮೆಂಬರಗಿರಿಗೆ ಜೀವಮಾನದ ಮಾತನ್ನೆಲ್ಲ ನುಂಗುವವರು ಅವರ ಫೋಟೊಕ್ಕೆ ಹಾರ ಹಾಕುತ್ತಾರೆ. ರಾಜಕೀಯದಲ್ಲಿ ಭಕ್ತಿ ಸರ್ವಾಧಿಕಾರಕ್ಕೆ ದಾರಿ ಎಂದು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದವರೂ ಅವರೇ. ವಿದ್ಯೆಯ ಜೊತೆ ಶೀಲ ಇರಲೇಬೇಕು ಎಂದವರೂ ಅವರೇ. ನಾವು ಮಾಡಿದ್ದೇನು? ಭಕ್ತರಾದೆವು. ಒಬ್ಬೊಬ್ಬ ನಾಯಕನಿಗೆ ಒಂದೊಂದು ಬಣ, ಒಂದೊಂದು ಲೆಟರ್‌ಹೆಡ್ಡು. ಹರಿದು ಹಂಚಿಹೋದ ಬಣಗಳು 2022ರ ಡಿಸೆಂಬರ್ 6ರಂದು ಬೆಂಗಳೂರಿನಲ್ಲಿ ಒಂದೇ ವೇದಿಕೆಗೆ ಬಂದವು, ಸಂತೋಷ. ಆದರೆ ವೇದಿಕೆ ಒಂದಾದರೆ ಸಾಲದು, ಲೆಕ್ಕದ ಪುಸ್ತಕವೂ ಒಂದಾಗಬೇಕು, ತೆರೆದಿರಬೇಕು.

ಕಾರ್ಕಳದ ಗುಡ್ಡದ ಮೇಲೆ ಗೊಮ್ಮಟ 1432ರಿಂದ ನಿಂತಿದ್ದಾನೆ. ಅವನ ಹತ್ತಿರ ಯಾರೂ ಲೆಕ್ಕ ಕೇಳುವುದಿಲ್ಲ, ಅವನು ಕಲ್ಲು. ನಾಯಕ ಕಲ್ಲಲ್ಲ, ಅವನ ಹತ್ತಿರ ಕೇಳಲೇಬೇಕು. ಏನು ಕೇಳಬೇಕು?

ಸಭೆಗೆ ಕರೆದರೆ, ಹಿಂದಿನ ಸಭೆಯ ಜಮಾ ಖರ್ಚು ಮೊದಲು ಓದಿ ಎನ್ನಿ.

ಕೇಸು ಹಿಡಿದವನಿಗೆ, ಚಾರ್ಜ್‌ಶೀಟ್ ಆಯಿತಾ, ಪರಿಹಾರದ ಯಾವ ಕಂತು ಬಂತು ಎಂದು ತಿಂಗಳಿಗೊಮ್ಮೆ ಕೇಳಿ. ಪೆಟ್ಟು ತಿಂದವನ ಮನೆಗೆ ನೀವೇ ಹೋಗಿ ಸತ್ಯ ತಿಳಿಯಿರಿ.

ಸಂಚಾಲಕನ ಅವಧಿ ಎಷ್ಟು, ಮುಂದಿನವರು ಯಾರು, ಅದರಲ್ಲಿ ಹೆಣ್ಣುಮಕ್ಕಳು ಎಷ್ಟು ಎಂದು ಕೇಳಿ.

ಉತ್ತರ ಕೊಡದವನ ಬಸ್ಸು ಹತ್ತಬೇಡಿ. ಅವನ ಅನ್ನವೂ ಬೇಡ, ಅವನ ಜೈಕಾರವೂ ಬೇಡ.

ನಾಳೆ ನಿಮ್ಮಲ್ಲೇ ಒಬ್ಬ ಸಂಚಾಲಕನಾಗುತ್ತಾನೆ, ಒಬ್ಬಳು ಸಂಚಾಲಕಿಯಾಗುತ್ತಾಳೆ. ಆಗ ಇದೇ ಪ್ರಶ್ನೆಗಳನ್ನು ಹಿಡಿದು ಹಾಸ್ಟೆಲಿನ ಹೊಸ ಹುಡುಗರು ಎದುರು ನಿಲ್ಲಲಿ. ಸಿಟ್ಟಾಗದೆ ಲೆಕ್ಕ ಕೊಡಿ.

ಜೈ ಭೀಮ್.